ಎರಡು ಮೂಟೆ ಮರಳು

ಎಂಜಿನ್ ಎಲ್ಲಿ ಕೂರಬೇಕು ಅನ್ನುವ ವಿಷಯಕ್ಕೆ ನಾನೂ ತಮ್ಮನೂ ಒಂದು ವಾರ ಮಾತು ಬಿಟ್ಟಿದ್ದೆವು. ನಾನು ಲೇತ್ ಕೆಲಸದವನು, ಅವನು ವೆಲ್ಡರ್. ಮನೆ ಹಿಂದಿನ ಶೆಡ್ಡಿನಲ್ಲಿ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕಟ್ಟಲು ಹೊರಟು ಮೂರು ವರ್ಷವಾಗಿತ್ತು.

"ಅಣ್ಣಾ, ಹಿಂದಿನ ಚಕ್ರಕ್ಕಿಂತ ಮುಂದೆ ಕೂರಿಸೋಣ. ಚಕ್ರದ ಹಿಂದೆ ನೇತುಹಾಕಿದ್ರೆ ತಿರುವಲ್ಲಿ ಬಾಲ ಬೀಸುತ್ತೆ," ಅಂದ.

"ಆಗ ಸೀಟು ಮುಂದಕ್ಕೆ ಹೋಗಿ ನನ್ನ ಮಂಡಿ ಸ್ಟೀರಿಂಗಿಗೆ ತಾಗುತ್ತೆ. ನನಗೇ ಕಲಿಸ್ತೀಯೇನೋ?"

ನಾನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಪಾಪ, ದೊಡ್ಡವನ ಮಾತು ಅಂತ ನಾನು ತೋರಿಸಿದಲ್ಲೇ ಬೆಸುಗೆ ಹಾಕಿದ.

ಮೊದಲ ಸಲ ಒಬ್ಬನೇ ಓಡಿಸಿದಾಗಲೇ ನನಗೆ ಗೊತ್ತಾಯಿತು. ಕಾರಿನ ಮೂತಿ ತೀರಾ ಹಗುರ. ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಹಿಂಭಾಗ ಮುಂಭಾಗವನ್ನೇ ಹಿಂದಿಕ್ಕಲು ನೋಡುತ್ತಿತ್ತು. ಚಾಸಿಯ ಚೌಕಟ್ಟನ್ನೇ ಕತ್ತರಿಸಿ ಮತ್ತೆ ಕಟ್ಟಬೇಕಿತ್ತು. ಅದಕ್ಕೂ ಮೊದಲು 'ನೀನು ಹೇಳಿದ್ದೇ ಸರಿ ಕಣೋ' ಅನ್ನಬೇಕಿತ್ತು. ಅಷ್ಟು ಅನ್ನಲು ನನಗೆ ಬಾಯಿ ಬರಲಿಲ್ಲ. ಗುಟ್ಟಾಗಿ ಎರಡು ಮೂಟೆ ಮರಳು ತಂದು ಮೂತಿಯೊಳಗೆ ತುರುಕಿದೆ. ಕಾರು ಸಾಧುವಾಯಿತು. ತಮ್ಮ ಓಡಿಸಿ ಬಂದು, "ನಾನೇ ಸೋತೆ ಬಿಡಣ್ಣಾ," ಅಂತ ನಕ್ಕ. ನಾನು ಮೀಸೆ ತಿರುವಿದೆ. ನಾಚಿಕೆಗೇಡು.

ಒಂದು ಭಾನುವಾರ ಹೆಡ್‌ಲೈಟ್ ಜೋಡಿಸಲು ಎಲೆಕ್ಟ್ರಿಷಿಯನ್ ಬರುವವನಿದ್ದ. ಮೂತಿ ತೆರೆದರೆ ನನ್ನ ಬಣ್ಣ ಬಯಲು. ಅವನು ಬರುವ ಮುಂಚೆ ಮೂಟೆಗಳನ್ನು ಎತ್ತಿ ಶೆಡ್ಡಿನ ಹಿಂದೆ ಇಟ್ಟೆ. ಅವನು ಕೆಲಸ ಮುಗಿಸಿ ಹೋದ. ಊಟವಾದ ಮೇಲೆ ವಾಪಸ್ ಇಟ್ಟರಾಯಿತು ಅಂದುಕೊಂಡು ಕೂತೆ. ಎರಡು ತುತ್ತು ತಿಂದಿರಲಿಲ್ಲ, ತಮ್ಮ ಕಾರು ತೆಗೆದುಕೊಂಡು ಹೋದ ಸದ್ದು ಕೇಳಿತು. ಎಂಜಲು ಕೈಯಲ್ಲೇ ಬೀದಿಗೆ ಓಡಿದೆ.

ಗೋದಾಮಿನ ತಿರುವಿನಲ್ಲಿ ಎದುರಿಗೆ ಸೈಕಲ್ ಬಂತಂತೆ, ತಮ್ಮ ಆಕ್ಸಿಲರೇಟರಿನಿಂದ ಕಾಲು ತೆಗೆದನಂತೆ. ಕಾರು ಬುಗುರಿಯಂತೆ ತಿರುಗಿ ಗೋಡೆಗೆ ಬಡಿಯಿತು. ಅವನ ಬಲಗೈ ಮೂರು ಕಡೆ ಮುರಿಯಿತು. ಮೂಳೆ ಕೂಡಿತು, ಬೆರಳಿನ ನಡುಕ ಹೋಗಲಿಲ್ಲ. ನೂಲು ಹಿಡಿದಂತೆ ಬೆಸುಗೆ ಹಾಕುತ್ತಿದ್ದವನು ಈಗ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂರುತ್ತಾನೆ.

ನಿನ್ನೆ ಶೆಡ್ಡಿಗೆ ಬಂದು ನನ್ನ ಪಕ್ಕದಲ್ಲಿ ಕೂತ.

"ಕಾರಲ್ಲಿ ಏನೂ ತಪ್ಪಿರಲಿಲ್ಲ, ಅಣ್ಣಾ. ನನಗೇ ಓಡಿಸೋಕೆ ಬರಲಿಲ್ಲ. ನಿನ್ನ ಮೂರು ವರ್ಷದ ಕೆಲಸ ಮಣ್ಣುಪಾಲು ಮಾಡಿದೆ. ಇನ್ನೂ ಕೋಪ ಇದೆಯಾ?"

ಹೇಳಿಬಿಡು, ಈಗಲಾದರೂ ಹೇಳಿಬಿಡು ಅಂತ ಮನಸ್ಸು ಹೇಳಿತು. ಅವನ ನಡುಗುವ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಇಲ್ಲ ಕಣೋ," ಅಂದೆ, "ಆವತ್ತೇ ಕ್ಷಮಿಸಿಬಿಟ್ಟೆ."