ಕಂಟೇನರಿನ ಹೊರಗಿಟ್ಟ ನೆನಪು

"ನೋಡು, ಇದೂ ಕಸದಲ್ಲೇ ಬಿದ್ದಿತ್ತು," ಎಂದು ಪತ್ರಗಳಿಗೆ ಉತ್ತರಿಸುವ ಗೆಜೀನೆ ತನ್ನ ಪರದೆಯನ್ನು ವೀಬ್ಕೆಯ ಕಡೆ ತಿರುಗಿಸಿದಳು.

ಸ್ಪ್ಯಾಮ್ ಪೆಟ್ಟಿಗೆಯಲ್ಲಿ ತಲೆಬರಹವಿಲ್ಲದ ಒಂದು ಇಮೇಲ್. 'ಮಗು ಇದೆ. ಇವತ್ತು ಬರಬಹುದಾ?' ಅದು ಬಂದದ್ದು ಮೊನ್ನೆ. ಗೆಜೀನೆ ಈಗಷ್ಟೇ ಉತ್ತರ ಬರೆದಿದ್ದಳು. ಆ ಕಡೆಯಿಂದ ಸದ್ದಿಲ್ಲ.

ಜರ್ಮನಿಯ ಓಲ್ಡನ್‌ಬುರ್ಗ್‌ನ ಈ ಆಶ್ರಯಮನೆಗೆ, ಮನೆಯ ಹೊಡೆತ ತಾಳಲಾರದ ಹೆಂಗಸರು ಬರೆಯುವುದು ಹೀಗೆಯೇ, ಬಚ್ಚಲಿನ ಚಿಲಕ ಹಾಕಿಕೊಂಡು, ಆಗಷ್ಟೇ ತೆರೆದ ವಿಳಾಸದಿಂದ. ಯಂತ್ರದ ಕಣ್ಣಿಗೆ ಅದಕ್ಕೂ ಲಾಟರಿಯ ಮೋಸದ ಪತ್ರಕ್ಕೂ ವ್ಯತ್ಯಾಸವಿಲ್ಲ. ಅದಕ್ಕೆಂದೇ ಇಲ್ಲಿಯ ಸರ್ವರ್ ನೋಡಿಕೊಳ್ಳುವ ವೀಬ್ಕೆ ಚಳಿಗಾಲವಿಡೀ, ಕಸದ ಪತ್ರಗಳನ್ನು ಸೋಸುವ ಸ್ಪ್ಯಾಮ್ ಫಿಲ್ಟರಿಗೆ ಪಾಠ ಹೇಳಿದ್ದಳು. ಅದು ಕಲಿತೂ ಇತ್ತು. ಈಗೇಕೆ ಮರೆಯಿತು?

"ಸೋಮವಾರದ ಸಭೇಲಿ ಆಡಳಿತದೋರು ಇಮೇಲನ್ನೆಲ್ಲ ದೊಡ್ಡ ಕಂಪನಿಗೆ ಕೊಡೋಣ ಅಂತಾರೆ. ನಾನೂ ಹೂಂ ಅಂತೀನಿ, ಮಾರಾಯ್ತಿ," ಎಂದಳು ಗೆಜೀನೆ.

"ನಿಮ್ಮ ಪತ್ರ ಬೇರೆಯವರ ಕೈಗೆ ಹೋಗಲ್ಲ ಅಂತ ಆ ಹೆಂಗಸರಿಗೆಲ್ಲ ಮಾತು ಕೊಟ್ಟಿದೀವಿ ಕಣೆ."

"ಮಾತು ಉಳಿಸ್ಕೊಂಡು ಪತ್ರ ಕಳ್ಕೊಂಡ್ರೆ ಏನು ಬಂತು?"

ವೀಬ್ಕೆ ಸರ್ವರಿನ ಕಡತಗಳನ್ನು ತೆರೆದಳು. ಚಹಾ ಆರಿದರೂ ಕಾರಣ ಹುಡುಕುತ್ತಲೇ ಕುಳಿತಳು. ಸಿಕ್ಕಾಗ ಮುಖ ಬಿಸಿಯಾಯಿತು. ಫಿಲ್ಟರು ಒಂದು ಕಂಟೇನರಿನೊಳಗೆ, ಅಂದರೆ ಸರ್ವರಿನಲ್ಲೇ ಪ್ರತ್ಯೇಕವಾಗಿಟ್ಟ ತಂತ್ರಾಂಶದ ಡಬ್ಬಿಯೊಳಗೆ, ನಡೆಯುತ್ತಿತ್ತು. ಹೊಸ ಆವೃತ್ತಿ ಬಂದಾಗ ಹಳೆಯ ಕಂಟೇನರನ್ನು ಇಡಿಯಾಗಿ ಎಸೆದು ಹೊಸದನ್ನು ಕೂರಿಸುವುದು ವಾಡಿಕೆ. ಆ ಅಚ್ಚುಕಟ್ಟುತನದ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು. ಆದರೆ ಫಿಲ್ಟರು ಕಲಿತದ್ದೆಲ್ಲ ಆ ಕಂಟೇನರಿನೊಳಗೇ ಇತ್ತು. ಹೋದ ವಾರ ಇಡೀ ಚಳಿಗಾಲದ ಪಾಠವನ್ನು ಅವಳೇ ಕೈಯಾರೆ ಎಸೆದಿದ್ದಳು.

"ತಪ್ಪು ನಂದೇ. ಯಂತ್ರದ್ದಲ್ಲ."

"ಸದ್ಯ! ಅದಕ್ಕೆ ಬೈದೂ ಬೈದೂ ನನಗೇ ಸಾಕಾಗಿತ್ತು."

ವೀಬ್ಕೆ ಕಂಟೇನರಿನ ಹೊರಗೆ, ಸರ್ವರಿನ ಡಿಸ್ಕಿನಲ್ಲೇ ನೆನಪಿಗೊಂದು ಜಾಗ ಮಾಡಿ ಅದನ್ನು ಫಿಲ್ಟರಿಗೆ ಜೋಡಿಸಿದಳು. ಆಮೇಲೆ ಇಬ್ಬರೂ ಹಳೆಯ ಪತ್ರಗಳನ್ನು ಒಂದೊಂದಾಗಿ ತೆರೆದರು. ಇದು ಕಸ, ಇದು ಕಸವಲ್ಲ ಎಂದು ಫಿಲ್ಟರಿಗೆ ಮತ್ತೆ ಪಾಠ ಹೇಳಿದರು. ಕೆಲವನ್ನು ಗೆಜೀನೆ ಎರಡೆರಡು ಬಾರಿ ಓದುತ್ತಿದ್ದಳು. ವೀಬ್ಕೆ ಮುಂದಿನದನ್ನು ತೆರೆಯುತ್ತಿದ್ದಳು. ಸಂಜೆಯ ಹೊತ್ತಿಗೆ, ಹೊಸ ವಿಳಾಸದಿಂದ ಗೆಜೀನೆ ಕಳಿಸಿದ ಒಂದು ಸಾಲು ನೇರವಾಗಿ ಇನ್‌ಬಾಕ್ಸಿಗೆ ಬಂತು.

ವೀಬ್ಕೆ ಆ ಕಂಟೇನರನ್ನು ಅಳಿಸಿಹಾಕಿದಳು.

"ಏಯ್! ಈಗಷ್ಟೇ ಸರಿಹೋಯ್ತಲ್ಲೇ, ತಲೆ ಕೆಟ್ಟಿದೆಯಾ?"

"ಎಸೆದ ಮೇಲೂ ನೆನಪಿದ್ರೇನೇ ಸರಿಹೋದ ಹಾಗೆ. ಸಭೇಲಿ ಅವರ ಕಣ್ಣೆದುರೇ ಎಸೀತೀನಿ, ನನ್ನ ತಪ್ಪನ್ನೂ ಹೇಳ್ತೀನಿ. ಕಳಿಸು."

ಹೊಸ ಕಂಟೇನರು ಎದ್ದು ನಿಂತಿತು. ಗೆಜೀನೆ ಇನ್ನೊಂದು ವಿಳಾಸದಿಂದ ಬರೆದಳು. ಇಬ್ಬರೂ ಪರದೆಯನ್ನೇ ನೋಡಿದರು. ಬಂತು, ಇನ್‌ಬಾಕ್ಸಿಗೇ.

ಗೆಜೀನೆ ಚಪ್ಪಾಳೆ ತಟ್ಟುವಷ್ಟರಲ್ಲಿ ವೀಬ್ಕೆ ಆ ಕಂಟೇನರನ್ನೂ ಅಳಿಸಿ ಮತ್ತೊಂದನ್ನು ಕೂರಿಸಿದ್ದಳು.

"ಮತ್ತೆ ಕಳಿಸು."