ಬೆಳೆದರೆ ಬಿಚ್ಚಿಕೊಳ್ಳಲು

ಬಿದಿರಿನ ಮೇಲೆ ಮಚ್ಚು ಎತ್ತಿದ ದೊಡ್ಡವೆಂಕಟಪ್ಪನ ಕೈಯನ್ನು ಮುನಿರತ್ನಮ್ಮ ಓಡಿಬಂದು ಹಿಡಿದಳು.

"ಇಷ್ಟು ಗಿಡ್ಡಕ್ಕೆ ಯಾಕೆ ಕಡೀತೀಯ ಮಾವ?"

"ನಿನ್ ತಮ್ಮನ ಅಳತೆಗೆ ಕಣಮ್ಮ. ಉದ್ದ ಮಾಡಿದ್ರೆ ಅರ್ಧ ಚಟ್ಟ ಖಾಲಿ ಬೀಳ್ತದೆ. ನನ್ ಕೇಳಿದ್ರೆ ಚಟ್ಟಾನೇ ಬ್ಯಾಡ. ಕೂಸಿನಂಗೆ ಕೈಮೇಲೆ ಎತ್ಕೊಂಡ್ ಓಗ್ಬೋದು."

"ಕೂಸಾ? ನಲವತ್ತು ದಾಟಿದ ಗಂಡಸು ಅವ್ನು! ನಾಕು ಜನ ಎಗ್ಲು ಕೊಡ್ಬೇಕು. ಎಲ್ರಿಗೂ ಎಷ್ಟುದ್ದ ಕಟ್ತೀಯೋ ಅಷ್ಟೇ ಉದ್ದ ಕಟ್ಟು."

ಬೂದಿಕೋಟೆ ಪಕ್ಕದ ಆ ಊರಲ್ಲಿ ಎಳೆಮಕ್ಕಳಿಗೆ ಚಟ್ಟ ಕಟ್ಟುವುದಿಲ್ಲ. ಅಪ್ಪನೋ ಮಾವನೋ ಎದೆಗವಚಿಕೊಂಡು ಹೋಗಿ ಮಣ್ಣು ಮಾಡಿ ಬರುತ್ತಾರೆ. ಒಳಗೆ ಚಾಪೆಯ ಮೇಲೆ ಮಲಗಿದ್ದ ವೇಣು ದೂರದಿಂದ ಶಾಲೆಯ ಹುಡುಗನಂತೆಯೇ ಕಾಣುತ್ತಿದ್ದ. ಹತ್ತಿರ ಹೋದರೆ ಕಿವಿಯ ಮೇಲೆ ನರೆಗೂದಲು. ಅರ್ಧ ಟಿಕೆಟ್ ಹರಿದ ಕಂಡಕ್ಟರುಗಳ ಜೊತೆ ಜನ್ಮವೆಲ್ಲ ಜಗಳವಾಡಿದವನು. ಸತ್ತ ಮೇಲೂ ಅರ್ಧ ಚಟ್ಟವೆಂದರೆ ಮುನಿರತ್ನಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಆ ಬೆಂಕಿ ಇಟ್ಟವಳು ತಾನೇ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

*

ಒಂಬತ್ತು ತುಂಬಿದರೂ ವೇಣುವಿನ ಮುಂದಿನ ಹಾಲುಹಲ್ಲು ಬಿದ್ದಿರಲಿಲ್ಲ. ಆ ಹಲ್ಲೇ ಬೆಳವಣಿಗೆಗೆ ಅಡ್ಡ ನಿಂತಿದೆ ಎಂದು ತಾಯಿ ಅಮ್ಮಾಜಮ್ಮ ನಂಬಿದ್ದಳು. ಅಕ್ಕ ಅವನನ್ನು ರಾಬರ್ಟ್‌ಸನ್‌ಪೇಟೆಯ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಹಲ್ಲು ಕಿತ್ತು, ಬಾಯಿಗೆ ಹತ್ತಿ ಕಚ್ಚಿಸಿ, ಕೈಯ ಎಕ್ಸ್‌ರೇ ತರಿಸಿ ನೋಡಿ ಹುಡುಗನನ್ನು ಹೊರಗೆ ಕೂರಿಸಿದರು.

"ಹುಡುಗನಿಗೆ ಒಂಬತ್ತು, ಅವನ ಮೂಳೆಗೆ ಇನ್ನೂ ಐದು. ಹಲ್ಲು ತಡವಾಗಿಯಾದ್ರೂ ಬರುತ್ತೆ, ಎತ್ತರ ತಾನಾಗಿ ಬರಲ್ಲಮ್ಮ. ಬೆಳೆಸೋ ಹಾರ್ಮೋನು ಮೈಯಲ್ಲಿ ಸಾಲದು ಅನ್ಸುತ್ತೆ. ಬೆಂಗಳೂರಲ್ಲಿ ತೋರಿಸಿ, ಇಂಜೆಕ್ಷನ್ ಇದೆ. ಮೂಳೆ ತುದಿ ಕೂಡ್ಕೊಂಡ ಮೇಲೆ ಏನು ಕೊಟ್ರೂ ನಡೆಯಲ್ಲ."

ಅದೇ ತಿಂಗಳು ಬಂಗಾರಪೇಟೆಯ ಗಂಡಿನ ಕಡೆಯವರು ಮುನಿರತ್ನಮ್ಮನನ್ನು ಒಪ್ಪಿಹೋಗಿದ್ದರು. ತಮ್ಮನಿಗೆ ಮೂಳೆಯ ರೋಗವೆಂದರೆ ಅಕ್ಕನಿಗೆ ಹುಟ್ಟುವ ಮಕ್ಕಳ ಮಾತು ಬರುತ್ತದೆ. ಊರ ಬಾಯಿಗೆ ಮುಚ್ಚಳವುಂಟೆ? ಮದುವೆ ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಮನೆಗೆ ಬಂದು ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು, ತಮ್ಮನ ಕೈಯಿಂದಲೇ ಮನೆಯ ಮೇಲಕ್ಕೆ ಎಸೆಸಿದಳು.

"ಡಾಕ್ಟ್ರು ಏನಂದ್ರಕ್ಕ?"

"ಅಲ್ಲು ಬಿತ್ತಲ್ಲ, ಇನ್ನ ಬೆಳೀತೀಯ ಅಂದ್ರು ಕಣ್ಲಾ."

ತಾಯಿಗೂ ಅಷ್ಟೇ ಹೇಳಿದಳು. ಮದುವೆಯಾಯಿತು, ಬಾಣಂತನಗಳಾದವು, ಆ 'ಆಮೇಲೆ' ಮಾತ್ರ ಬರಲಿಲ್ಲ. ಅವಳ ಮಕ್ಕಳು ಸೋದರಮಾವನ ತಲೆ ದಾಟಿದ ವರ್ಷ ಗುಟ್ಟಾಗಿ ಆ ಡಾಕ್ಟರ ಬಳಿ ಹೋದಳು. ಇಷ್ಟು ಹೊತ್ತಿಗೆ ಮೂಳೆ ಕೂಡಿಕೊಂಡಿರುತ್ತೆ ಎಂದರು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಗಾದೆ ಮಾಡಿದವರಿಗೆ ತಮ್ಮ ಇರಲಿಲ್ಲವೇನೋ.

*

ಹೆಣಕ್ಕೆ ನೀರು ಹಾಕಿದ್ದಾಯಿತು. ವೇಣುವಿನ ಜೊತೆ ರಾಬರ್ಟ್‌ಸನ್‌ಪೇಟೆಯಲ್ಲಿ ಹೊಲಿಗೆಯ ಅಂಗಡಿ ನಡೆಸುತ್ತಿದ್ದ ಸುಧಾಕರ ಒಂದು ನೀಲಿ ಪ್ಯಾಂಟು ತಂದ.

"ಅಕ್ಕ, ಅವ್ನೇ ಒಲ್ಕೊಂಡಿದ್ದು. ಇದಂದ್ರೆ ಪ್ರಾಣ ಅವ್ನಿಗೆ. ಇದನ್ನೇ ಆಕಿ ಕಳ್ಸಣ."

ತೊಡಿಸುವಾಗ ಪ್ಯಾಂಟಿನ ಅಂಚು ಮುನಿರತ್ನಮ್ಮನ ಕೈಗೆ ದಪ್ಪನಾಗಿ ಸಿಕ್ಕಿತು. ತಿರುಗಿಸಿ ನೋಡಿದಳು. ಒಂದು ಗೇಣು ಬಟ್ಟೆ ಒಳಕ್ಕೆ ಮಡಚಿ, ದೊಡ್ಡ ದೊಡ್ಡ ಹೊಲಿಗೆ ಹಾಕಿತ್ತು.

"ಇದೇನೋ ಸುಧಾಕರ?"

"ಸ್ಕೂಲ್ ಮಕ್ಳ ಪ್ಯಾಂಟಿಗೆ ಬಿಡ್ತೀವಲ್ಲಕ್ಕ, ಬೆಳೆದ್ರೆ ಬಿಚ್ಕೊಳ್ಳಕ್ಕೆ. ಇವ್ನು ತನ್ನ ಎಲ್ಲಾ ಪ್ಯಾಂಟಿಗೂ ಬಿಡೋನು. ನಿಂಗ್ಯಾಕ್ಲಾ ಅಂತ ರೇಗಿಸಿದ್ರೆ ನಗೋನು. ನಮ್ಮಕ್ಕ ಬೆಳೀತೀಯ ಅಂದವ್ಳೆ ಅನ್ನೋನು."

ಹೊರಗಿನಿಂದ ದೊಡ್ಡವೆಂಕಟಪ್ಪ, "ನೀನೇಳ್ದಂಗೇ ಉದ್ದಕ್ಕೆ ಕಟ್ಟಿದೀನಿ, ಎತ್ತಣಮ್ಮಾ?" ಎಂದ.

"ಇರು ಮಾವ, ಒಂಚೂರು ಕೆಲ್ಸ ಐತೆ."

ಸುಧಾಕರನ ಜೇಬಿನಲ್ಲಿದ್ದ ಹೊಲಿಗೆ ಬಿಚ್ಚುವ ಬ್ಲೇಡು ಇಸಿದುಕೊಂಡು ತಮ್ಮನ ಕಾಲ ಬಳಿ ಕೂತಳು. ಒಂದೊಂದೇ ಹೊಲಿಗೆ ಬಿಚ್ಚಿದಳು.

ಚಟ್ಟದ ಮೇಲೆ ಮಲಗಿಸಿದಾಗ ಬಟ್ಟೆ ಅವನ ಪಾದಗಳನ್ನು ದಾಟಿ ಮುಂದಕ್ಕೆ ಚಾಚಿಕೊಂಡಿತ್ತು. ಪ್ಯಾಂಟೆಲ್ಲ ಒಗೆದೊಗೆದು ಬಿಳಿಚಿತ್ತು. ಮಡಿಕೆಯಲ್ಲಿದ್ದ ಆ ಗೇಣುದ್ದ ಮಾತ್ರ ಬಟ್ಟೆ ಕೊಂಡು ತಂದ ದಿನದ ಕಡುನೀಲಿಯಲ್ಲೇ ಇತ್ತು.