ಹಳ್ಳಕ್ಕೆ ಕೈ ಮುಗಿಯಿರಿ, ನೀರನ್ನು ಕುದಿಸಿ ಕುಡಿಯಿರಿ

ಅದು 2009ರ ಬೇಸಿಗೆ, ಕಂಪನಿಗಳು ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ವರ್ಷ. ಬೋಲಿಂಗ್‌ಬ್ರೂಕ್‌ನಲ್ಲಿ ನಮ್ಮವರು ಇಬ್ಬರು ಸೇರಿದರೆ ಊಟ ಆಯಿತೇ ಎಂದು ಕೇಳುವುದನ್ನು ಬಿಟ್ಟು ಕೆಲಸ ಇದೆಯೇ ಎಂದು ಕೇಳುತ್ತಿದ್ದ ಕಾಲ. ನಿರಂಜನ್‌ನ ಕೆಲಸ ಚಳಿಗಾಲದಲ್ಲೇ ಹೋಗಿತ್ತು. ಅದರ ಹಿಂದೆಯೇ ಕಂಪನಿಯಿಂದ ಸಿಗುತ್ತಿದ್ದ ಮನೆಯವರ ಹೆಲ್ತ್ ಇನ್ಶೂರೆನ್ಸ್ ಕೂಡ ಹೋಯಿತು. ಹತ್ತು ತಿಂಗಳ ಮಗಳು ಧೃತಿ ಒಂದು ಸಲ ಸೀನಿದರೂ ಹೆಂಡತಿ ನೀಲಗಂಗಾ ಡಾಕ್ಟರ ಖರ್ಚಿನ ಲೆಕ್ಕ ಹಾಕುತ್ತಿದ್ದಳು.

ನೀಲಗಂಗಾಳ ತಾಯಿ ಕಮಲವ್ವ ಮೊಮ್ಮಗಳನ್ನು ನೋಡಲು ಬೈಲಹೊಂಗಲದಿಂದ ಬಂದಿದ್ದರು. ವೀಸಾ ತಡವಾಗಿ ಹೆರಿಗೆಗೆ ಬರಲಾಗಲಿಲ್ಲ ಎಂಬ ಕೊರಗು ಒಂದು. ಇನ್ನೊಂದು ಕೊರಗು ಗಂಗೆ ಪೂಜೆಯದು. ಅವರ ಕಡೆ ಹೆತ್ತವಳು ಬಾಣಂತನ ಮುಗಿಸಿ ಬಾವಿಗೋ ಹಳ್ಳಕ್ಕೋ ಹೋಗಿ ಗಂಗೆಗೆ ಅರಿಸಿನ ಕುಂಕುಮ ಏರಿಸಬೇಕು, ಆ ನೀರನ್ನು ಕೂಸಿನ ಬಾಯಿಗೆ ಮುಟ್ಟಿಸಬೇಕು. ಅಡುಗೆಮನೆಯ ನಲ್ಲಿಗೇ ಕುಂಕುಮ ಹಚ್ಚಿಬಿಡೋಣ ಎಂದು ನೀಲಗಂಗಾ ಒಮ್ಮೆ ಅಂದಿದ್ದಳು. ಗಂಗವ್ವ ಏನು ಪೈಪಿನೊಳಗೆ ತೂರಿಕೊಂಡು ಬರುತ್ತಾಳೇನೇ ಎಂದು ಕಮಲವ್ವ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಅಷ್ಟರಲ್ಲಿ ನೀಲಗಂಗಾಳ ಗೆಳತಿ ನಿರುಪಮಾಳ ಫೋನ್ ಬಂತು. ಮೈಸೂರಿನವಳು, ಡೆಟ್ರಾಯಿಟ್ ಹತ್ತಿರ ನರ್ಸ್. ಹೋಟೆಲು ಗೀಟೆಲು ಬೇಡ, ಮಿಶಿಗನ್‌ನ ಕಾಡಂಚಿನಲ್ಲಿ ಟೆಂಟ್ ಹಾಕೋಣ, ಟೆಂಟ್ ನನ್ನ ಹತ್ತಿರ ಇದೆ, ಮನೆಯಲ್ಲಿ ಕೂತು ಮುಖ ಮುಖ ನೋಡಿಕೊಳ್ಳುವ ಬದಲು ಬನ್ನಿ ಎಂದಳು. ಅಲ್ಲಿ ಕರೆಂಟ್ ಇಲ್ಲ, ನಲ್ಲಿ ಇಲ್ಲ, ಗುಂಡಿ ಕಕ್ಕಸು ಎಂದು ಕೇಳಿ ನಿರಂಜನ್ ಮೂಗು ಮುರಿದ. ಟೆಂಟಿನ ಪಕ್ಕದಲ್ಲೇ ಹಳ್ಳ ಹರಿಯುತ್ತದೆ ಎಂದು ಕೇಳಿದ ಕಮಲವ್ವ ಮಾತ್ರ ಆಗಲೇ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದ್ದರು.

ಕೊನೆಗೆ ಎಲ್ಲರೂ ಹೊರಟರು. ಹಳ್ಳ ಕಮಲವ್ವನ ಮನಸ್ಸು ತುಂಬುವಂತೆಯೇ ಇತ್ತು. ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಆಚೆ ದಡದಿಂದ ದಟ್ಟ ಕಾಡು. ಮರುದಿನ ಬೆಳಿಗ್ಗೆ ಎದ್ದವರೇ ಕಮಲವ್ವ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ನೀರಿನ ಅಂಚಿಗೆ ಹೋದರು. ತಂಬಿಗೆ ತುಂಬಿ, ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈ ಮುಗಿದರು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂಸಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆಗೆ ನೀರು ತುಂಬಿದರು. ಧೃತಿ ಹಕ್ಕಿಮರಿಯ ಹಾಗೆ ಬಾಯಿ ತೆರೆದಳು.

"ಆಂಟಿ, ಒಂದ್ ನಿಮಿಷ ತಡೀರಿ. ಅದನ್ನ ಕೊಡ್ಬೇಡಿ," ಎಂದು ನಿರುಪಮಾ ಹಿಂದಿನಿಂದ ಬಂದು ಒಳಲೆಗೆ ಕೈ ಅಡ್ಡ ಹಿಡಿದಳು.

ಕಮಲವ್ವನಿಗೆ ರೇಗಿತು. ಇಷ್ಟು ತಿಂಗಳು ಕಾದು ಕೈಗೆ ಬಂದದ್ದನ್ನು ಈ ಹುಡುಗಿ ತಡೆಯುವುದೆಂದರೇನು?

"ಹರಿಯೂ ನೀರಿಗೆ ಏನಾಗ್ತದವಾ?" ಎಂದರು. "ನಾವೆಲ್ಲಾ ಹಳ್ಳದ ನೀರ ಕುಡದ ಬೆಳದೀವಿ."

"ಬೆಳೆದಿರೋ ನಾವು ಕಣ್ಣಿಗೆ ಕಾಣ್ತೀವಿ ಆಂಟಿ," ಎಂದಳು ನಿರುಪಮಾ ಮೆಲ್ಲಗೆ. "ಬೆಳೀದೇ ಹೋದವರು ಕಾಣಲ್ಲ."

ಸದ್ದು ಕೇಳಿ ಬಂದ ನಿರಂಜನ್, ಬಟ್ಟೆಯಲ್ಲಿ ಸೋಸಿ ಕೊಟ್ಟರೆ ಸಾಕಲ್ಲವೇ ಎಂದು ಅತ್ತೆಯ ಪರ ವಹಿಸಿದ. ಸೋಸಿದರೆ ಕಸಕಡ್ಡಿ ನಿಲ್ಲುತ್ತದೆ, ಕಣ್ಣಿಗೆ ಕಾಣದ ರೋಗದ ಹುಳ ಬಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ನಿರುಪಮಾ ಹೇಳಿದಳು. ಮೇಲುಗಡೆ ಬೀವರ್ ಎಂಬ ಪ್ರಾಣಿ ಕಡ್ಡಿ ಕೂಡಿಸಿ ಒಡ್ಡು ಕಟ್ಟಿರುವುದನ್ನು ತೋರಿಸಿದಳು. ಬೀವರ್, ಜಿಂಕೆ, ಕೆಲವೊಮ್ಮೆ ಮನುಷ್ಯರು, ಎಲ್ಲರ ಹೊಲಸೂ ಮಳೆಯಲ್ಲಿ ಕೊಚ್ಚಿಕೊಂಡು ಇದೇ ನೀರಿಗೆ ಬರುತ್ತದೆ. ಅದರಲ್ಲಿ ಜಿಯಾರ್ಡಿಯಾ ಎಂಬ ರೋಗಾಣು ಇರಬಹುದು. ನೀರು ಎಷ್ಟು ತಿಳಿಯಾಗಿದ್ದರೂ ಅದು ಕಾಣುವುದಿಲ್ಲ.

"ಕುಡಿದ ದಿನ ಏನೂ ಆಗಲ್ಲ," ಎಂದಳು. "ಒಂದೆರಡು ವಾರ ಬಿಟ್ಟು ಭೇದಿ ಶುರುವಾಗುತ್ತೆ. ಅಷ್ಟೊತ್ತಿಗೆ ನಮಗೆ ನೀರಿನ ನೆನಪೇ ಇರಲ್ಲ. ಹಲ್ಲು ಬರ್ತಿದೆ ಅಂತೀವಿ, ದೃಷ್ಟಿ ಆಗಿದೆ ಅಂತೀವಿ. ಎಳೇ ಮಗೂಗೆ ಮೈಯಲ್ಲಿ ನೀರು ಕಡಿಮೆಯಾದ್ರೆ ಬಹಳ ಬೇಗ ಕೈ ಮೀರುತ್ತೆ."

ಕಮಲವ್ವ ಒಳಲೆಯ ನೀರನ್ನು ನೆಲಕ್ಕೆ ಸುರಿದರು. ನೀಲಗಂಗಾ ಹುಟ್ಟುವ ಮೊದಲು ಅವರಿಗೊಂದು ಹೆಣ್ಣು ಕೂಸಿತ್ತು. ಹೆಸರು ಪಾರವ್ವ, ಕರೆಯುತ್ತಿದ್ದುದು ಪಾರಿ ಎಂದು. ಗೋಡೆ ಹಿಡಿದು ಹೆಜ್ಜೆ ಇಡಲು ಕಲಿತಿದ್ದಳು ಅಷ್ಟೆ. ಭೇದಿ ಹತ್ತಿದಾಗ ಮನೆಯ ಹಿರಿಯರು ಹಲ್ಲು ಬರುವ ಭೇದಿ ಎಂದರು, ಆಮೇಲೆ ಯಾರದೋ ಕಣ್ಣು ಬಿತ್ತೆಂದರು. ದೃಷ್ಟಿ ತೆಗೆದರು, ಹರಕೆ ಹೊತ್ತರು. ಹಳ್ಳದ ನೀರನ್ನು ಮಾತ್ರ ಒಬ್ಬರೂ ಅನುಮಾನಿಸಲಿಲ್ಲ. ಕೂಸು ಉಳಿಯಲಿಲ್ಲ. ಆ ಸಂಕಟವನ್ನು ಕಮಲವ್ವ ಹಣೆಬರಹವೆಂದು ಮಡಿಚಿ ಎದೆಯೊಳಗಿಟ್ಟಿದ್ದರು.

ಅದನ್ನೆಲ್ಲ ಅವರು ತಡೆದು ತಡೆದು ಹೇಳಿದರು. ತನಗೊಬ್ಬಳು ಅಕ್ಕ ಇದ್ದಳೆಂದು ನೀಲಗಂಗಾ ಕೇಳಿದ್ದು ಅದೇ ಮೊದಲು. ಅವಳು ತಾಯಿಯ ಪಕ್ಕ ಕೂತು ಭುಜ ಹಿಡಿದುಕೊಂಡಳು.

"ಕುದಿಸಿ ಕೊಟ್ಟಿದ್ರ ಉಳೀತಿದ್ಲೇನವಾ ಆಕಿ?" ಎಂದು ಕಮಲವ್ವ ನಿರುಪಮಾಳನ್ನು ಕೇಳಿದರು.

ನಿರುಪಮಾ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಆಂಟಿ. ನೀರಿನಿಂದಲೇ ಆಯ್ತು ಅಂತಾನೂ ಈಗ ಹೇಳಕ್ಕಾಗಲ್ಲ. ಆದ್ರೆ ನಿಮ್ಮ ತಪ್ಪಲ್ಲ. ನಿಮಗೆ ಯಾರೂ ಹೇಳಿರಲಿಲ್ಲ."

ಕಮಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ತಂಬಿಗೆಯ ನೀರನ್ನು ಮತ್ತೆ ಹಳ್ಳಕ್ಕೇ ಬಿಟ್ಟು, ಹಾಗಿದ್ದರೆ ಪೂಜೆ ಕೆಡುವುದೇ ಎಂದು ಅಳುಕುತ್ತ ಕೇಳಿದರು. ಯಾಕೆ ಕೆಡಬೇಕು, ಗಂಗೆಗೆ ಕೈ ಮುಗಿಯಿರಿ, ಅವಳದೇ ನೀರನ್ನು ಕುದಿಸಿ ಆರಿಸಿ ಮಗುವಿಗೆ ಕೊಡಿ, ನಿಮ್ಮ ಮೊಮ್ಮಗಳು ಚೆನ್ನಾಗಿರುವುದನ್ನು ಗಂಗೆ ಬೇಡವೆನ್ನುತ್ತಾಳೆಯೇ ಎಂದಳು ನಿರುಪಮಾ. ಈ ಮಾತು ಕಮಲವ್ವನ ಮನಸ್ಸಿಗೆ ನಾಟಿತು.

ಹಳ್ಳದ ನೀರನ್ನು ಪಾತ್ರೆಗೆ ತುಂಬಿ, ಟೆಂಟಿನ ಹೊರಗೆ ಹೂಡಿದ ಒಲೆಯ ಮುಂದೆ ಅವರೇ ಕೂತರು. ಪಾತ್ರೆಯಿಂದ ಆವಿ ಏಳುತ್ತಲೇ ನಿರಂಜನ್ ಇಳಿಸಲು ಹೋದ. ಬರೀ ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು, ಕುದಿ ಬಂದ ಮೇಲೂ ಪೂರ್ತಿ ಒಂದು ನಿಮಿಷ ಬಿಡಬೇಕು ಎಂದು ನಿರುಪಮಾ ತಡೆದಳು. ಇಳಿಸಿದ ಮೇಲೆ ಅವನಿಗೆ ಇನ್ನೊಂದು ಅವಸರ. ಬೇಗ ಆರಲಿ ಎಂದು ಊರಿನ ಹೋಟೆಲಿನವರ ಹಾಗೆ ಬಿಸಿನೀರಿಗೆ ಹಳ್ಳದ ತಣ್ಣೀರು ಒಂದು ಲೋಟ ಬೆರೆಸಲು ಬಂದ. ಈ ಸಲ ತಡೆದದ್ದು ಕಮಲವ್ವ.

"ಕುದಿಸಿದ್ದೆಲ್ಲಾ ಹಾಳ ಮಾಡ್ತೀರೇನ್ರಿ? ತಾನ ಆರಲಿ ಬಿಡ್ರಿ. ಇಷ್ಟ ದಿನ ಕಾದೀನಿ, ಇನ್ನೊಂದ ತಾಸು ಕಾಯಲಾರೆನೇನು?"

ಪಾತ್ರೆಗೆ ಮುಚ್ಚಳ ಮುಚ್ಚಿ ಪಕ್ಕದಲ್ಲೇ ಕಾವಲು ಕೂತರು. ತಂಬಿಗೆಯನ್ನೂ ಒಳಲೆಯನ್ನೂ ಕುದಿಸಿದ ನೀರಿನಲ್ಲೇ ತೊಳೆದರು. ಕೋಸಂಬರಿಗೆಂದು ನೀಲಗಂಗಾ ಹಳ್ಳದಲ್ಲಿ ಅದ್ದಿ ತಂದ ಸೌತೆಕಾಯಿಯನ್ನೂ ಅವರು ಬಿಡಲಿಲ್ಲ. ಅದರ ನೀರೂ ಹೊಟ್ಟೆಗೇ ಹೋಗುವುದಲ್ಲವೇ ಎಂದು ಒಳ್ಳೆಯ ನೀರಿನಲ್ಲಿ ಮತ್ತೆ ತೊಳೆಸಿ, ಸಿಪ್ಪೆ ಹೆರೆಸಿದರು. ಅತ್ತೆಯೇ ನರ್ಸ್ ಆಗಿಬಿಟ್ಟರಲ್ಲ ಎಂದು ನಿರಂಜನ್ ನಕ್ಕ. ಕೆಲಸ ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ನೀಲಗಂಗಾ ನೋಡಿರಲಿಲ್ಲ.

ನೀರು ಆರಿತು. ಎಲ್ಲರೂ ಹಳ್ಳದ ದಂಡೆಗೆ ಹೋದರು. ನೀಲಗಂಗಾ ಗಂಗೆಗೆ ಕೈ ಮುಗಿದಳು. ಕಮಲವ್ವ ಒಳಲೆಯನ್ನು ಧೃತಿಯ ತುಟಿಗೆ ಹಿಡಿದರು. ಕೂಸು ಗುಟುಕರಿಸಿ, ಇನ್ನೂ ಬೇಕೆಂದು ಅಜ್ಜಿಯ ಬೆರಳು ಹಿಡಿದು ಎಳೆಯಿತು. ಕಮಲವ್ವನಿಗೆ ಸಂತೋಷವೂ ಆಯಿತು, ಅಳುವೂ ಬಂತು. "ನಿನ್ನ ಪಾಲಿಂದೂ ಇಕಿ ಕುಡೀಲಿ, ಪಾರಿ," ಎಂದು ನೀರಿಗೆ ಕೇಳುವಷ್ಟು ಮೆಲ್ಲಗೆ ಹೇಳಿದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಬೇಸಿಗೆಯಲ್ಲಿ ನೀವೂ ಮಕ್ಕಳೊಂದಿಗೆ ಕಾಡಿಗೆ ಹೊರಟಿರಬಹುದು. ಸಂತೋಷವಾಗಿ ಹೋಗಿ ಬನ್ನಿ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಹಳ್ಳದ ನೀರೇ ಬೇಕಾದರೆ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ. ಎತ್ತರದ ಬೆಟ್ಟದಲ್ಲಾದರೆ ಮೂರು ನಿಮಿಷ. ಮುಚ್ಚಿ ಆರಿಸಿ, ಹಸಿ ನೀರು ಬೆರೆಸಬೇಡಿ. ಆರು ತಿಂಗಳು ತುಂಬದ ಕೂಸಿಗೆ ತಾಯಿಹಾಲು ಅಥವಾ ಡಾಕ್ಟರ್ ಹೇಳಿದ ಪುಡಿಹಾಲು ಬಿಟ್ಟು ಕುದಿಸಿದ ನೀರೂ ಬೇಡ. ಬಂದ ಮೇಲೆ ಮಗುವಿಗೆ ಭೇದಿಯಾದರೆ ಹಲ್ಲಿನ ಮೇಲೆ, ದೃಷ್ಟಿಯ ಮೇಲೆ ಹಾಕದೆ ಕೂಡಲೇ ಡಾಕ್ಟರಿಗೆ ತೋರಿಸಿ, ಹಳ್ಳದ ಹತ್ತಿರ ಇದ್ದೆವೆಂದು ಹೇಳಿ. ಇನ್ಶೂರೆನ್ಸ್ ಇಲ್ಲವೆಂದು ಸುಮ್ಮನಿರಬೇಡಿ, ನಿಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಆರೋಗ್ಯ ಇಲಾಖೆಗೆ ಫೋನ್ ಮಾಡಿ ಕಡಿಮೆ ಖರ್ಚಿನಲ್ಲಿ ಎಲ್ಲಿ ತೋರಿಸಬಹುದೆಂದು ಕೇಳಿ.

ಕಮಲವ್ವನಿಗೆ ಆಗ ಹೇಳುವವರು ಯಾರೂ ಇರಲಿಲ್ಲ. ನಿಮಗೆ ಈಗ ಹೇಳಿದ್ದೇವೆ.